ವರ್ಷಕ್ಕೆ 1,500ರ ಹೋಸ್ಟಿಂಗ್: ರೇಟು ಏರಿಸೋದು ಹೇಗೆ?

ಮುಂಬಯಿ ಪಕ್ಕದ ಠಾಣೆಯಿಂದ ಕೇಳಿದ್ದು

ನಮಸ್ಕಾರ. ಹಗಲು ಕಂಪನಿ ಕೆಲಸ, ಸಂಜೆ ಮೇಲೆ ಸ್ವಂತದ್ದೊಂದು ಸಣ್ಣ ವೆಬ್ ಹೋಸ್ಟಿಂಗ್, ಅಂದ್ರೆ ಬೇರೆಯವರ ಸೈಟು ಸರ್ವರಿನಲ್ಲಿಟ್ಟು ನಡೆಸೋದು. ಆರು ವರ್ಷದ ಹಿಂದೆ ಮಾಟುಂಗದ ಪರಿಚಯದ ಹೋಟೆಲಿನವರ ಸೈಟಿನಿಂದ ಶುರುವಾಗಿದ್ದು, ಈಗ 62 ಗಿರಾಕಿಗಳು. ಹೋಟೆಲು, ಕ್ಯಾಟರಿಂಗ್, ಟ್ಯೂಶನ್ ಕ್ಲಾಸು, ಇಬ್ಬರು ಸಿಎ. ಇವರಲ್ಲದೆ ನಮ್ಮ ಕನ್ನಡ ಸಂಘದ್ದು ಉಚಿತ. ಎಲ್ಲರಿಗೂ ವರ್ಷಕ್ಕೆ 1,500. ಅದರಲ್ಲಿ 50 ಜನರ ಡೊಮೇನ್ (ಸೈಟಿನ ಹೆಸರು) ದುಡ್ಡೂ ನಾನೇ ಕಟ್ಟೋದು. ಸರ್ವರ್, ಪ್ಯಾನೆಲ್ (ಸೈಟುಗಳನ್ನು ನಿಭಾಯಿಸೋ ತಂತ್ರಾಂಶ) ಲೈಸೆನ್ಸ್, ಬ್ಯಾಕಪ್ ಸೇರಿ ತಿಂಗಳಿಗೆ 5,200 ಹೋಗುತ್ತೆ. ದುಡ್ಡು ಉಳೀತಿಲ್ಲ, ಎಲ್ಲಿ ಸೋರ್ತಿದೆ ಗೊತ್ತಾಗ್ತಿಲ್ಲ. ಏರಿಸಿದ್ರೆ ಎಲ್ಲ ಓಡಿಹೋಗ್ತಾರೆ ಅಂತ ಭಯ. ಎಲ್ಲಿ ನೋಡಿದ್ರೂ ತಿಂಗಳಿಗೆ 99 ಅನ್ನೋ ಜಾಹೀರಾತು. ಇದೇ ದಂಧೆ ಮಾಡಿದವರು ಯಾರಾದ್ರೂ ಇದ್ರೆ ನಿಮ್ಮ ಅನುಭವ ಹೇಳಿ.

ಡೊಂಬಿವಲಿಯಿಂದ

ಸೋರೋ ಜಾಗ ನೀವೇ ಬರೆದಿದ್ದೀರಿ, ಕೂಡಿ ಕಳೆದು ನೋಡಿಲ್ಲ ಅಷ್ಟೇ. 62 ಜನರಿಂದ ಬರೋದು 93,000. ಡಾಟ್ ಕಾಮ್ ಡೊಮೇನ್ ನವೀಕರಣ ತೆರಿಗೆ ಸೇರಿ ಸಾವಿರ ಅಂತ ಹಿಡಿದರೂ, 50ಕ್ಕೆ 50,000. ಸರ್ವರ್ ಬಾಬ್ತು ವರ್ಷಕ್ಕೆ 62,400. ಅಂದರೆ ವರ್ಷಕ್ಕೆ 19,400 ನಿಮ್ಮ ಸಂಬಳದಿಂದ ಹಾಕಿ ಊರವರ ಸೈಟು ಸಾಕ್ತಿದ್ದೀರಿ. ನಾನೂ ಮೂರು ವರ್ಷ ಇದೇ ಪುಣ್ಯದ ಕೆಲಸ ಮಾಡಿದವನು, ಹಾಗಾಗಿ ನಗ್ತಿಲ್ಲ.

ಡೊಮೇನನ್ನು ಹೋಸ್ಟಿಂಗ್ ಜೊತೆ ಗಂಟು ಹಾಕಿದ್ದೇ ಮೊದಲ ತಪ್ಪು. ಅದರ ಬೆಲೆ ನಿಮ್ಮ ಕೈಯಲ್ಲಿಲ್ಲ. ಡಾಟ್ ಕಾಮ್‌ನ ಸಗಟು ದರ 2021ರ ಆಗಸ್ಟ್‌ವರೆಗೆ 7.85 ಡಾಲರ್ ಇತ್ತು, ನಾಲ್ಕು ಸಲ ಏರಿ 2024ರ ಸೆಪ್ಟೆಂಬರ್‌ಗೆ 10.26 ಆಯ್ತು. ಡಾಲರ್ ಸುಮ್ಮನಿತ್ತಾ? 2019ರಲ್ಲಿ 70ರ ಹತ್ತಿರ ಇದ್ದದ್ದು 2024ಕ್ಕೆ 84ರ ಹತ್ತಿರ. 550 ರೂಪಾಯಿಯ ಸರಕು 860 ಆಯ್ತು, ಅದರ ಮೇಲೆ ಮಾರೋರ ಪಾಲು, ತೆರಿಗೆ. ನಿಮ್ಮ 1,500 ಮಾತ್ರ ಕದಲಲಿಲ್ಲ. ಡೊಮೇನ್ ಬೇರೆ ಸಾಲಿನಲ್ಲಿ ಬರೀರಿ, ಆ ವರ್ಷದ ದರ ಏನಿದೆಯೋ ಅದನ್ನೇ ಹಾಕಿ.

ಆದರೆ ನಿಜವಾಗಿ ತಿನ್ನೋದು ಸರ್ವರೂ ಅಲ್ಲ, ಡೊಮೇನೂ ಅಲ್ಲ, ಫೋನು. ಒಂದು ತಿಂಗಳು ಪೂರ್ತಿ ನಾನೊಂದು ಪಾಕೆಟ್ ಪುಸ್ತಕ ಇಟ್ಟೆ. ಯಾರು, ಎಷ್ಟು ನಿಮಿಷ, ಏನು ವಿಷಯ. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಒಂದು ಕೈಯಲ್ಲಿ ಹಿಡಿಕೆ ಹಿಡಿದು ತಗೊಂಡ ಫೋನ್ ಕಾಲನ್ನೂ ದಾದರ್‌ನಲ್ಲಿ ಇಳಿದು ಬರೆದೆ. 71 ಕಾಲ್. ಅದರಲ್ಲಿ 44 ಬರೀ ಆರು ಜನರದ್ದು. ಸರ್ವರ್ ಕೆಟ್ಟಿದೆ ಅಂತ ಬಂದದ್ದು ಎರಡೇ. ಉಳಿದದ್ದು ಬಹುಪಾಲು ಈಮೇಲು: ಪಾಸ್‌ವರ್ಡ್ ಮರೆತದ್ದು, ಇನ್‌ಬಾಕ್ಸ್ ತುಂಬಿದ್ದು, ಕಳಿಸಿದ್ದು ಸ್ಪ್ಯಾಮ್‌ಗೆ ಹೋದದ್ದು. ಒಬ್ಬರು ಪ್ರಿಂಟರ್ ಬಗ್ಗೆ ಕೇಳಿದ್ರು. ನಾನು ಅಷ್ಟು ದಿನ ಡಿಸ್ಕಿನ ಜಿಬಿ ಲೆಕ್ಕ ಹಾಕಿ ರೇಟು ಕಟ್ಟಿದ್ದೆ. ಜನ ಕೊಳ್ತಾ ಇದ್ದದ್ದು ನನ್ನ ನಂಬರನ್ನು.

ಈಗ ಹೀಗೆ ಕಟ್ಟುತ್ತೇನೆ, ನಿಮ್ಮ ಅಂಕಿಯಲ್ಲೇ ಹೇಳ್ತೀನಿ. ಸರ್ವರ್ ನೂರು ಖಾತೆ ಹಿಡಿದರೂ 62,400ನ್ನು ಅರವತ್ತಕ್ಕೇ ಭಾಗಿಸಿ. ನೂರಕ್ಕೆ ಭಾಗಿಸಿದರೆ ನೂರನೆಯವನು ಬರೋವರೆಗೂ ನಷ್ಟ, ಬಂದ ಮೇಲೆ ಸರ್ವರ್ ತೆವಳುತ್ತೆ. ತಲೆಗೆ 1,040 ಬಂತು. ಒಬ್ಬ ಗಿರಾಕಿಗೆ ವರ್ಷಕ್ಕೆ ನಾಲ್ಕು ಗಂಟೆ, ಗಂಟೆಗೆ 400 ಅಂದರೂ 1,600. 400 ಕಡಿಮೆ ಅನಿಸಿದರೆ ಜಾಸ್ತಿ ಹಾಕಿ, ಸೊನ್ನೆ ಮಾತ್ರ ಹಾಕಬೇಡಿ. ಕಾರ್ಡಿನಲ್ಲಿ ಕಟ್ಟುವವರ ಗೇಟ್‌ವೇ ಶುಲ್ಕ, ಡಾಲರ್ ಏರಿಳಿತ, ಕೆಟ್ಟ ತಿಂಗಳು ಇವಕ್ಕೆಲ್ಲ 360. ಒಟ್ಟು 3,000, ಡೊಮೇನ್ ಹೊರತು.

ಪ್ಯಾನೆಲ್ ಖಾತೆಗಳನ್ನೂ ಒಮ್ಮೆ ಗುಡಿಸಿ. ಪ್ಯಾನೆಲ್ ಮಾರೋ ಸಿಪ್ಯಾನೆಲ್ ಕಂಪನಿ 2019ರಲ್ಲಿ ಲೈಸೆನ್ಸಿಗೆ ಸರ್ವರ್ ಲೆಕ್ಕ ಬಿಟ್ಟು ಖಾತೆ ಲೆಕ್ಕಕ್ಕೆ ಬಂತು. ಆಮೇಲಿಂದ ಸತ್ತ ಸೈಟಿಗೂ ಬಾಡಿಗೆ. ನನ್ನಲ್ಲಿ ಅಂಥವು 17 ಸಿಕ್ಕವು, ಒಂದು 2016ರಲ್ಲೇ ಮುಗಿದ ಮದುವೆಯ ಆಮಂತ್ರಣ!

ಇನ್ನು ಏರಿಕೆಯನ್ನು ಗಿರಾಕಿಗಳಿಗೆ ಹೇಳೋದು ಹೇಗೆ ಅನ್ನೋದು. ನಾನು ಎರಡು ತಿಂಗಳು ಮೊದಲೇ ವಾಟ್ಸ್ಯಾಪ್ ಕಳಿಸಿದೆ: "ಮುಂದಿನ ನವೀಕರಣದಿಂದ ಹೋಸ್ಟಿಂಗ್ 3,000, ಡೊಮೇನ್ ಬೇರೆ. ಬೇರೆ ಕಡೆ ಹೋಗೋದಾದರೆ ಪೂರ್ತಿ ಬ್ಯಾಕಪ್ ಕೊಟ್ಟು ನಾನೇ ಸಾಗಿಸಿಕೊಡ್ತೇನೆ." ಕ್ಷಮಿಸಿ, ಅನಿವಾರ್ಯ, ದಯವಿಟ್ಟು ಇತ್ಯಾದಿ ಒಂದೂ ಇಲ್ಲ. ಕ್ಷಮೆ ಕೇಳಿದರೆ ಚೌಕಾಶಿ ಶುರು. 84 ಜನರಲ್ಲಿ 19 ಹೋದರು, ಪದೇ ಪದೇ ಫೋನ್ ಮಾಡ್ತಿದ್ದ ಆ ಆರರಲ್ಲಿ ನಾಲ್ವರು ಸೇರಿ. ಉಳಿದ 65 ಜನರಿಂದ 1,95,000 ಬಂತು, ಹಿಂದೆ 84 ಜನ ಕೊಡ್ತಿದ್ದದ್ದು 1,26,000. ಹೋದವರಲ್ಲಿ ಮೂವರು ಮರುವರ್ಷ ವಾಪಸ್, ಅಲ್ಲಿಯ ಎರಡನೇ ವರ್ಷದ ಬಿಲ್ ನೋಡಿ.

ಮೀರಾ ರೋಡಿನಿಂದ

ಡೊಂಬಿವಲಿಯವರ ಲೆಕ್ಕ ಸರಿ ಉಂಟು, ಆದರೆ ಎಲ್ಲರಿಗೂ ಒಂದೇ 3,000 ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ ಮಾರಾಯ್ರೆ. ಒಂದು ಪುಟದ ಸೈಟು ಇಟ್ಟುಕೊಂಡು ವರ್ಷಕ್ಕೊಮ್ಮೆ ದೀಪಾವಳಿ ಶುಭಾಶಯಕ್ಕೆ ಮಾತ್ರ ಫೋನ್ ಮಾಡುವ ಟೈಲರು, ಒಂಬತ್ತು ಮೇಲ್ ಐಡಿ ಇರುವ ಕ್ಯಾಟರಿಂಗಿನವರು, ಇಬ್ಬರಿಗೂ ಒಂದೇ ರೇಟಾ? ನಾನು ಮೇಲನ್ನೇ ಬೇರೆ ಮಾಡಿದೆ. ಎರಡು ಐಡಿ ರೇಟಿನ ಒಳಗೇ ಸೇರಿ, ಅದರ ಮೇಲೆ ಐಡಿಗೆ ವರ್ಷಕ್ಕೆ 600. ದೊಡ್ಡ ಕಂಪನಿಗಳ ಮೇಲ್ ಸೇವೆಗೇ ಹೋಗುತ್ತೇನೆ ಅನ್ನುವವರಿಗೆ ಸಂತೋಷದಿಂದ ದಾರಿ ಬಿಡುತ್ತೇನೆ, ಜೋಡಿಸಿ ಕೊಟ್ಟದ್ದಕ್ಕೆ ಒಮ್ಮೆ 1,500.

ಮೇಲ್ ಅಂದರೆ ಈಗ ಚಿಲ್ಲರೆ ಕೆಲಸ ಅಲ್ಲ. 2024ರ ಫೆಬ್ರವರಿಯಿಂದ ಜೀಮೇಲ್ ಕಡೆಯ ನಿಯಮ ಬಿಗಿಯಾಯಿತು, ಎಸ್‌ಪಿಎಫ್, ಡಿಕಿಮ್ (ಪತ್ರ ನಿಜಕ್ಕೂ ಆ ಡೊಮೇನಿನದ್ದೇ ಅನ್ನುವ ಗುರುತುಗಳು) ಸರಿ ಇಲ್ಲದಿದ್ದರೆ ಪತ್ರ ಮುಟ್ಟುವುದೇ ಕಷ್ಟ. ನನ್ನ ಗಿರಾಕಿ ಒಬ್ಬರು ಕೇಳದೆ ಮಾಡದೆ ಹೊಸ ಶಾಖೆಯ ಆಮಂತ್ರಣವನ್ನು 4,000 ಜನರಿಗೆ ಒಂದೇ ರಾತ್ರಿ ಬಿಟ್ಟರು. ಬೆಳಿಗ್ಗೆ ನಮ್ಮ ಸರ್ವರಿನ ಐಪಿ (ನೆಟ್ ವಿಳಾಸ) ಸ್ಪ್ಯಾಮ್ ಕಳಿಸುವವರ ಕಪ್ಪುಪಟ್ಟಿಯಲ್ಲಿ. ಸಿಎ ಒಬ್ಬರ ಆದಾಯ ತೆರಿಗೆ ರಿಟರ್ನ್ ಕಾಗದಪತ್ರ ಎರಡು ದಿನ ಸಿಕ್ಕಿಬಿದ್ದವು, ಅದೂ ಜುಲೈ 30ಕ್ಕೆ, ಕೊನೆಯ ದಿನಾಂಕದ ಹಿಂದಿನ ದಿನ. ಆ ಎರಡು ದಿನ ನಾನು ತಿಂದ ಬೈಗುಳಕ್ಕೆ ಯಾವ ರೇಟು ಹಾಕುವುದು?

ಇನ್ನು ಸಂಘದ್ದು. ಧರ್ಮಕ್ಕೆ ಕೊಡಿ, ಬೇಡ ಅನ್ನುವುದಿಲ್ಲ, ಆದರೆ ಪ್ರತಿ ವರ್ಷ ಬಿಲ್ ಬರೆಯಿರಿ. 3,000 ಅಂತ ಹಾಕಿ, ಕೆಳಗೆ ರಿಯಾಯಿತಿ 3,000, ಕೊಡಬೇಕಾದದ್ದು ಸೊನ್ನೆ. ನಮ್ಮ ಇಲ್ಲಿಯ ಸಂಘದ ಕಾರ್ಯದರ್ಶಿಯವರು ಆ ಕಾಗದ ನೋಡಿದ ಮೇಲೆ ರಾತ್ರಿ ಹನ್ನೊಂದಕ್ಕೆ ಫೋಟೋ ಹಾಕಲು ಹೇಳುವುದು ನಿಂತಿದೆ.

ಪುಣೆಯಿಂದ

ತೆರಿಗಿ ಮಾತು ಯಾರೂ ಎತ್ತಿಲ್ಲಲ್ರಿ. ಬರೇ ಸೇವಾ ಮಾರೋರಿಗೆ ವರ್ಷಕ್ಕ 20 ಲಕ್ಷದ ವಹಿವಾಟಿನ ತನಕ ಸಾಮಾನ್ಯವಾಗಿ ಜಿಎಸ್‌ಟಿ ನಂಬರ್ ಬೇಕಾಗಂಗಿಲ್ಲ. ಆದ್ರ ನಂಬರ್ ಇಲ್ಲದವರಿಗೆ ಹೊರದೇಶದ ಸರ್ವರಿನವರು 18% ಹಚ್ಚೇ ಬಿಲ್ ಮಾಡ್ತಾರ, ಅದು ವಾಪಸ್ ಸಿಗಂಗಿಲ್ಲ. ಖರ್ಚಿನ್ಯಾಗ ಅದನ್ನೂ ಹಿಡೀರಿ. ನಂಬರ್ ತಗೊಂಡ್ರ ಕೊಟ್ಟ ತೆರಿಗಿ ಜಮಾ ಸಿಗತದ, ಆದ್ರ ಟ್ಯೂಶನ್ ಮೇಷ್ಟ್ರಿಗೆ 18% ಮ್ಯಾಲೆ ಬೀಳತದ. ನಿಮಗ್ಯಾವುದು ಹೊಂದತದ ಅಂತ ನಿಮ್ಮ ಸಿಎ ಗಿರಾಕಿನ್ನೇ ಕೇಳ್ರಿ, ಎರಡು ಜನ ಅದಾರಲ್ಲ.

ಮತ್ತೊಂದು, ಕೈಯಾಗ ಮೂರು ತಿಂಗಳ ಸರ್ವರ್ ರೊಕ್ಕ ಬ್ಯಾರೆ ಇರಬೇಕು. 2021ರ ಅಕ್ಟೋಬರ್‌ದಾಗ ಆರ್‌ಬಿಐ ನಿಯಮ ಬದಲಾಗಿ ಕಾರ್ಡಿನಿಂದ ತಾನಾಗೇ ಹೋಗೋ ರೊಕ್ಕ ಎಷ್ಟೋ ಮಂದಿದು ನಿಂತಿತ್ತು. ನನ್ನ ಸರ್ವರ್ ಬಿಲ್ಲೂ ಹೋಗಿಲ್ಲ. ಎಚ್ಚರಿಕಿ ಮೇಲ್ ಬಂದದ್ದು ಎಲ್ಲಿಗೆ? ಅದೇ ಸರ್ವರಿನ್ಯಾಗಿನ ನನ್ನ ಐಡಿಗೆ, ನಾನು ತಗದು ನೋಡಿರಲಿಲ್ಲ. ಶನಿವಾರ ಸಂಜಿ ಹಡಪ್ಸರದ ಟ್ರಾಫಿಕ್‌ನ್ಯಾಗ ನಿಂತಾಗ 40 ಸೈಟ್ ಒಮ್ಮಿಗೇ ಬಂದ್. ಅವತ್ತಿಂದ ಸರ್ವರಿಗೆ ಮೂರು ತಿಂಗಳ ಮುಂಗಡ ತುಂಬಿಟ್ಟೀನಿ, ಮೇಲ್ ಐಡಿನೂ ಬ್ಯಾರೆ ಕಡೆದು.

ವಾಸ್ಕೋದಿಂದ

ನನ್ನದು ಚಿಕ್ಕ ಮಾತು. ಗೋವಾದಲ್ಲಿ ನನ್ನ ಗಿರಾಕಿಗಳಲ್ಲಿ ಅರ್ಧ ಗೆಸ್ಟ್‌ಹೌಸಿನವರು. ಜೂನ್‌ನಲ್ಲಿ ಬಿಲ್ ಕಳಿಸಿದರೆ ಮಳೆ ನೋಡುತ್ತಾ ಕೂತವರು ಏನು ಕೊಟ್ಟಾರು? ಎಲ್ಲರ ನವೀಕರಣವನ್ನೂ ಡಿಸೆಂಬರ್‌ಗೆ ಎಳೆದೆ, ನಡುವಿನ ತಿಂಗಳಿಗೆ ತಿಂಗಳ ಲೆಕ್ಕದಲ್ಲಿ ವಸೂಲಿ. ಅದೇ ರೇಟು, ಆದರೆ ಬಾಕಿ ಮುಕ್ಕಾಲು ಕಡಿಮೆ. ಡೊಮೇನ್ ದುಡ್ಡು ಮಾತ್ರ ಕೈಗೆ ಬಾರದೆ ಕಟ್ಟಬೇಡಿ. ಹಾಗಂತ ಗಿರಾಕಿ ಸುಮ್ಮನಿದ್ದಾರೆಂದು ನೀವೂ ಸುಮ್ಮನಿರಬೇಡಿ. ಅವಧಿ ಮುಗಿದು ರಿಡೆಂಪ್ಶನ್ ಅನ್ನೋ ಹಂತಕ್ಕೆ ಬಿದ್ದರೆ ಬಿಡಿಸಿಕೊಳ್ಳೋ ದಂಡ ನವೀಕರಣದ ಹಲವು ಪಟ್ಟು. ನಾನು ಒಮ್ಮೆ ಕೈಯಿಂದ ತೆತ್ತಿದ್ದೇನೆ. ಈಗ 30, 15, 3 ದಿನ ಮೊದಲು ಮೂರು ಸಂದೇಶ, ಅದರ ಸ್ಕ್ರೀನ್‌ಶಾಟ್ ನನ್ನ ಹತ್ತಿರ.

ಮತ್ತೆ ಠಾಣೆಯಿಂದ, ಮೂರು ವಾರದ ಮೇಲೆ

ಎಲ್ಲರಿಗೂ ಧನ್ಯವಾದ. ಪುಸ್ತಕ ಇಟ್ಟೆ. ಮೂರು ವಾರಕ್ಕೆ 38 ಕಾಲ್, ಅರ್ಧಕ್ಕರ್ಧ ಈಮೇಲೇ. ಖಾತೆ ಗುಡಿಸಿದಾಗ 9 ಸತ್ತವು ಸಿಕ್ಕವು. ರೇಟು 2,800 ಮಾಡಿದ್ದೇನೆ, ಎರಡು ಐಡಿ ಒಳಗೆ, ಡೊಮೇನ್ ಬೇರೆ. ಡೊಂಬಿವಲಿ ಸಾರ್, 3,000 ಬರೆಯೋಕೆ ಕೈ ಬರಲಿಲ್ಲ, ಬೈಬೇಡಿ.

ಮೊದಲ ಸಂದೇಶ ಮಾಟುಂಗದ ಹೋಟೆಲಿನ ಮಾಮನಿಗೇ ಕಳಿಸಿದೆ, ಮೊದಲ ಗಿರಾಕಿ ಅಲ್ವಾ. ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಫೋನ್ ಬಂತು. ಹಿಂದೆ ತಟ್ಟೆಗಳ ಸದ್ದು. "ಇಷ್ಟು ವರ್ಷ ಏರಿಸ್ಲೇ ಇಲ್ಲ ಅಲ್ವಾ ನೀನು? ನಾನು ಇಡ್ಲಿ ರೇಟು ನಾಲ್ಕು ಸಲ ಏರಿಸಿದೆ" ಅಂದರು. ದುಡ್ಡು ಆಗಲೇ ಯುಪಿಐನಲ್ಲಿ ಬಂದಿತ್ತು. ಫೋನ್ ಇಡೋ ಮೊದಲು ಒಂದು ಮಾತು ಸೇರಿಸಿದರು: ಕೌಂಟರಿನ ಪ್ರಿಂಟರ್ ಎರಡು ದಿನದಿಂದ ಬಿಲ್ ಉಗುಳ್ತಿಲ್ಲ, ಆ ಕಡೆ ಬಂದಾಗ ಸ್ವಲ್ಪ ನೋಡ್ತೀಯಾ?