‘ಕ್ಯಾನ್ವಾಸ್’ ಎಂಬುದಕ್ಕೆ ಕನ್ನಡದಲ್ಲಿ ಒಂದೇ ಪದ ಸಾಧ್ಯವೇ?

ಪ್ರಶ್ನೆ — ಅನುವಾದಕಿ

ಹದಿನಾರನೆಯ ಶತಮಾನದ ವೆನಿಸ್ ಚಿತ್ರಕಾರರನ್ನು ಕುರಿತ ಒಂದು ದೀರ್ಘ ಇಂಗ್ಲಿಷ್ ಲೇಖನವನ್ನು ನಾನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಬರುವ ‘ಕ್ಯಾನ್ವಾಸ್’ ಎಂಬ ಪದ ಮೂರು ವಾರಗಳಿಂದ ನನ್ನನ್ನು ಮುಂದಕ್ಕೆ ಬಿಡುತ್ತಿಲ್ಲ. ಮೊದಲ ಪುಟದಲ್ಲಿ ಅದು ಹಡಗಿನ ಹಾಯಿ, ಎರಡನೆಯ ಪುಟದಲ್ಲಿ ಚಿತ್ರ ಬರೆಯುವ ಬಟ್ಟೆ, ಮುಂದೆ ಹೋದರೆ ಬರೆದು ಮುಗಿಸಿದ ಚಿತ್ರವೇ ಅದು, ಕೊನೆಯಲ್ಲಿ ಒಬ್ಬ ಕಲಾವಿದನ ಬದುಕಿನ ವಿಸ್ತಾರವನ್ನು ಹೇಳುವುದಕ್ಕೂ ಅದೇ ಪದ. ಲೇಖಕರು ಇದನ್ನು ತಿಳಿದೇ ಮಾಡಿದ್ದಾರೆ. ವೆನಿಸ್ಸಿನ ಸಂಪತ್ತು ಮತ್ತು ಅದರ ಚಿತ್ರಕಲೆ ಎರಡೂ ಒಂದೇ ಬಟ್ಟೆಯನ್ನು ನೆಚ್ಚಿಕೊಂಡಿದ್ದವು ಎಂಬುದು ಅವರ ವಾದ. ನಿಘಂಟಿನಲ್ಲಿ ‘ಕಿತ್ತಾನು’ ಎಂಬ ಅರ್ಥ ಸಿಗುತ್ತದೆ, ಆದರೆ ಇಂದಿನ ಓದುಗರಲ್ಲಿ ಎಷ್ಟು ಮಂದಿಗೆ ಅದು ತಿಳಿದೀತು? ಎಲ್ಲ ಕಡೆಯೂ ‘ಕ್ಯಾನ್ವಾಸ್’ ಎಂದೇ ಬರೆದರೆ ಹಾಯಿಯ ಅರ್ಥ ಮಾಯವಾಗುತ್ತದೆ. ಬೇರೆ ಬೇರೆ ಪದಗಳನ್ನು ಬಳಸಿದರೆ ಲೇಖನದ ವಾದದ ಎಳೆಯೇ ಕಡಿದುಹೋಗುತ್ತದೆ. ಬಲ್ಲವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ — ಚಿತ್ರಕಲಾ ಶಿಕ್ಷಕ

ಪದದ ವಿಚಾರಕ್ಕೆ ಮೊದಲು ವಸ್ತುವಿನ ವಿಚಾರವನ್ನು ಹೇಳುತ್ತೇನೆ, ಏಕೆಂದರೆ ನಿಮ್ಮ ಲೇಖಕರ ವಾದಕ್ಕೆ ಗಟ್ಟಿಯಾದ ಆಧಾರವಿದೆ.

ಇಟಲಿಯ ಇತರ ನಗರಗಳಲ್ಲಿ ಹಸಿ ಗಾರೆಯ ಮೇಲೆ ಭಿತ್ತಿಚಿತ್ರ ಬರೆಯುವ ಪದ್ಧತಿ ಬಲವಾಗಿತ್ತು. ಉಪ್ಪುನೀರಿನ ನಡುವೆ ನಿಂತ ವೆನಿಸ್ಸಿನಲ್ಲಿ ಗೋಡೆಗಳು ತೇವ ಹೀರಿ ಚಿತ್ರಗಳು ಬೇಗ ಹಾಳಾಗುತ್ತಿದ್ದವು. ಅದೇ ಊರಿನಲ್ಲಿ ಆರ್ಸೆನಾಲೆ ಎಂಬ ಸರ್ಕಾರಿ ಹಡಗುಕಟ್ಟೆಯಿತ್ತು. ಹಡಗುಗಳಿಗಾಗಿ ಒದಗುತ್ತಿದ್ದ ಗಟ್ಟಿ ಹಾಯಿಬಟ್ಟೆಗೆ ಅಲ್ಲಿ ಕೊರತೆಯಿರಲಿಲ್ಲ. ಚಿತ್ರಕಾರರು ಆ ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು ಎಣ್ಣೆಬಣ್ಣದಲ್ಲಿ ಬರೆಯತೊಡಗಿದರು. ವೆನಿಸ್ ಗಣರಾಜ್ಯದ ಮುಖ್ಯಸ್ಥನಾದ ದೋಜೆಯ ಅರಮನೆಯ ಮಹಾಸಭಾಂಗಣವೇ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿದ್ದ ಗ್ವಾರಿಯೆಂತೊ ಎಂಬಾತನ ಹಳೆಯ ಭಿತ್ತಿಚಿತ್ರ 1577ರ ಬೆಂಕಿಯಲ್ಲಿ ಕೆಟ್ಟುಹೋದ ಮೇಲೆ, ಅದೇ ಗೋಡೆಗೆ ತಿಂತೊರೆತ್ತೊ ಮತ್ತು ಅವನ ಕಾರ್ಯಾಗಾರದವರು ‘ಸ್ವರ್ಗ’ದ ಚಿತ್ರವನ್ನು ಬಟ್ಟೆಯ ಮೇಲೆ ಬರೆದು ಏರಿಸಿದರು. ಅದರ ಅಗಲ 20 ಮೀಟರಿಗೂ ಹೆಚ್ಚು. ಅಷ್ಟು ದೊಡ್ಡ ಮರದ ಹಲಗೆಯನ್ನು ಯಾರೂ ಊಹಿಸಿಕೊಳ್ಳಲಾರರು, ಆದರೆ ಬಟ್ಟೆಯನ್ನು ಹೊಲಿದು ಎಷ್ಟು ಬೇಕಾದರೂ ಬೆಳೆಸಬಹುದು, ಸುತ್ತಿ ಸಾಗಿಸಲೂಬಹುದು. ಈ ಕೊನೆಯ ಗುಣದಿಂದ ವೆನಿಸ್ಸಿಗೆ ನಷ್ಟವೂ ಆಯಿತು: ವೆರೊನೀಸೆ 1563ರಲ್ಲಿ ಮುಗಿಸಿದ ಬೈಬಲಿನ ಕಾನಾ ಊರಿನ ಮದುವೆಯ ಬೃಹತ್ ಚಿತ್ರವನ್ನು 1797ರಲ್ಲಿ ನೆಪೋಲಿಯನ್ನನ ಸೈನ್ಯ ಕತ್ತರಿಸಿ, ಸುತ್ತಿ, ಪ್ಯಾರಿಸ್ಸಿಗೆ ಒಯ್ದಿತು. ಅದು ಇಂದಿಗೂ ಲೂವ್ರ್ ಸಂಗ್ರಹಾಲಯದಲ್ಲಿದೆ.

ಇನ್ನೊಂದು ಮಾತು. ನೇಯ್ಗೆಯಿಂದ ಇಳಿಸಿದ ಬಟ್ಟೆಯೇ ಚಿತ್ರಕಾರನ ಕ್ಯಾನ್ವಾಸ್ ಅಲ್ಲ. ಎಣ್ಣೆಬಣ್ಣದಲ್ಲಿರುವ ಅಗಸೆ ಎಣ್ಣೆ ನೇರವಾಗಿ ನೂಲಿಗೆ ತಾಗಿದರೆ ಕಾಲಕ್ರಮದಲ್ಲಿ ನೂಲು ಕೊಳೆತು ಪುಡಿಯಾಗುತ್ತದೆ. ಆದುದರಿಂದ ಮೊದಲು ತೆಳುವಾದ ಅಂಟು, ಅದರ ಮೇಲೆ ಜಿಪ್ಸಮ್ ಪುಡಿ ಬೆರೆಸಿದ ಬಿಳಿಯ ಲೇಪ ಕೊಡುತ್ತಿದ್ದರು. ನಮ್ಮ ವಿದ್ಯಾರ್ಥಿಗಳು ಅಂಗಡಿಯಿಂದ ಸಿದ್ಧ ಕ್ಯಾನ್ವಾಸನ್ನೇ ತರುವುದರಿಂದ ಈ ಕೆಲಸದ ಅರಿವು ಕಡಿಮೆಯಾಗುತ್ತಿದೆ ಎಂಬ ಬೇಸರ ನನಗಿದೆ. ಹೀಗಾಗಿ ಚಿತ್ರಕಲೆಯ ಸಂದರ್ಭದಲ್ಲಿ ‘ಕ್ಯಾನ್ವಾಸ್’ ಎಂದೇ ಉಳಿಸಿ. ಅಲ್ಲಿ ಅದು ಕೇವಲ ಬಟ್ಟೆಯ ಹೆಸರಲ್ಲ.

ಉತ್ತರ — ಹೊಲಿಗೆ ಅಂಗಡಿಯಾಕೆ

ನನ್ನ ಮಾತು ವೆನಿಸ್ಸಿಗೆ ಸಂಬಂಧಿಸಿದ್ದಲ್ಲ, ಆದರೂ ಪದದ ಚರ್ಚೆಯಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಅಂಗಡಿಗೆ ಬರುವ ಹೆಣ್ಣುಮಕ್ಕಳು ‘ಕ್ಯಾನ್ವಾಸ್’ ಎಂದರೆ ಹಾಯಿಯನ್ನೂ ನೆನೆಯುವುದಿಲ್ಲ, ಚಿತ್ರವನ್ನೂ ನೆನೆಯುವುದಿಲ್ಲ. ರವಿಕೆಯ ಕುತ್ತಿಗೆಯ ಆಕಾರ ಮಡಿಸಿಕೊಳ್ಳದೆ ನಿಲ್ಲಲಿ ಎಂದು ಒಳಗೆ ಇಡುವ ಬಿಗಿಯಾದ ಪದರವೇ ಅವರಿಗೆ ಕ್ಯಾನ್ವಾಸ್. ‘ಕುತ್ತಿಗೆಗೆ ಕ್ಯಾನ್ವಾಸ್ ಇಟ್ಟು ಹೊಲಿಯಿರಿ’ ಎಂದು ಹೇಳಿಹೋಗುತ್ತಾರೆ. ಅದರಲ್ಲಿ ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ ಬಗೆಯೂ ಇದೆ, ಕಾಗದದಂತೆ ಕಾಣುವ ಬಗೆಯೂ ಇದೆ. ಗಂಡಸರ ಕೋಟಿನ ಎದೆಭಾಗದಲ್ಲಿ ಕುದುರೆಯ ಕೂದಲು ಸೇರಿಸಿ ನೇಯ್ದ ಕ್ಯಾನ್ವಾಸನ್ನು ಇಂದಿಗೂ ಉತ್ತಮ ದರ್ಜಿಗಳು ಕೈಹೊಲಿಗೆಯಲ್ಲಿ ಕೂರಿಸುತ್ತಾರೆ, ಮತ್ತು ಅಂಥ ಕೋಟು ತೊಟ್ಟವರ ಮೈಗೆ ಹೊಂದಿಕೊಳ್ಳುತ್ತ ಹೋಗುತ್ತದೆ. ಹೊರಗೆ ಕಾಣದೆ ಆಕಾರವನ್ನು ಹಿಡಿದಿಡುವ ಬಟ್ಟೆ ಎಂಬ ಈ ಅರ್ಥವೂ ನಿಮ್ಮ ಪಟ್ಟಿಯಲ್ಲಿ ಇರಲಿ.

ಉತ್ತರ — ನಿವೃತ್ತ ಕನ್ನಡ ಅಧ್ಯಾಪಕ

ಮಾನ್ಯರೇ, ಪದದ ಮೂಲವನ್ನು ನೋಡಿದರೆ ಇಷ್ಟೆಲ್ಲ ಅರ್ಥಗಳು ಎಲ್ಲಿಂದ ಹೊರಟವು ಎಂಬುದು ತಿಳಿಯುತ್ತದೆ. ಲ್ಯಾಟಿನ್ನಿನ ‘ಕನ್ನಾಬಿಸ್’, ಅಂದರೆ ನಮ್ಮ ಭಂಗಿ ಗಿಡ, ಫ್ರೆಂಚ್ ಮೂಲಕ ಹಾದು ಇಂಗ್ಲಿಷಿನಲ್ಲಿ ‘ಕ್ಯಾನ್ವಾಸ್’ ಆಯಿತು. ಆ ಗಿಡದ ನಾರಿನಿಂದ ನೇಯ್ದ ಒರಟು ಬಟ್ಟೆ ಎಂಬುದೇ ಮೊದಲ ಅರ್ಥ. ನೀವು ಹೇಳಿದ ‘ಕಿತ್ತಾನು’ ತಮಿಳಿನಲ್ಲೂ ಇದೆ. ಅಗಸೆನಾರನ್ನು ಹೇಳುವ ಅರಬ್ಬೀ ‘ಕತ್ತಾನ್’ ಅದರ ಮೂಲ. ಇಂದು ಮಾರುಕಟ್ಟೆಯಲ್ಲಿ ಸಿಗುವ ಕ್ಯಾನ್ವಾಸ್ ಬಹುಮಟ್ಟಿಗೆ ಹತ್ತಿಯದು. ಹೀಗೆ ಗಿಡ ಬದಲಾದರೂ ಹೆಸರು ಉಳಿಯಿತು.

ಕನ್ನಡದಲ್ಲಿ ಮಾತ್ರ ಹುಟ್ಟಿದ ಒಂದು ತೊಡಕನ್ನೂ ಗಮನಿಸಬೇಕು. ಮತ ಕೇಳುವ ‘ಕ್ಯಾನ್ವಾಸ್’ ಇಂಗ್ಲಿಷಿನಲ್ಲಿ ಕೊನೆಗೆ ಒಂದು ಅಕ್ಷರ ಹೆಚ್ಚಾಗಿ ಬರೆಯುವ ಬೇರೆ ಪದ. ನಮ್ಮ ಲಿಪಿಯಲ್ಲಿ ಎರಡೂ ಒಂದೇ ಆಗಿಬಿಟ್ಟಿವೆ. ಮೂಲದಲ್ಲಿ ಅವೆರಡೂ ಒಂದೇ ಎಂಬುದು ನಿಜ: ಒಬ್ಬರನ್ನು ಕ್ಯಾನ್ವಾಸ್ ಬಟ್ಟೆಯಲ್ಲಿ ಹಾಕಿ ಮೇಲಕ್ಕೆ ಎಸೆದು ಕುಲುಕುವುದು ಎಂಬ ಹದಿನಾರನೆಯ ಶತಮಾನದ ಬಳಕೆಯಿಂದ, ಒಂದು ವಿಷಯವನ್ನು ಕುಲುಕಿ ಕೂಲಂಕಷವಾಗಿ ಪರೀಕ್ಷಿಸುವುದು, ಅಲ್ಲಿಂದ ಬೆಂಬಲ ಯಾಚಿಸುವುದು ಎಂದು ಅರ್ಥ ಸರಿದಿದೆ. ಆದರೆ ಈ ಅರ್ಥಕ್ಕೆ ನಮಗೆ ಎರವಲು ಬೇಕಿಲ್ಲ. 1951ರ ಜನಪ್ರಾತಿನಿಧ್ಯ ಕಾಯ್ದೆಯ 130ನೆಯ ಕಲಂ ಮತದಾನದ ದಿನ ಮತಗಟ್ಟೆಯಿಂದ 100 ಮೀಟರ್ ಒಳಗೆ ನಿಷೇಧಿಸುವುದನ್ನು ‘ಮತಯಾಚನೆ’ ಎಂದರೆ ಯಾರಿಗೂ ಸಂದೇಹ ಉಳಿಯುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನಮ್ಮಲ್ಲಿ ‘ಪಟ’ ಎಂಬ ಪದವಿದೆ. ಸಂಸ್ಕೃತದಲ್ಲಿ ಅದರ ಅರ್ಥ ಬಟ್ಟೆ. ಕನ್ನಡದಲ್ಲಿ ಅದು ಗೋಡೆಯ ಮೇಲಿನ ದೇವರ ಪಟ, ಹಡಗಿನ ಹಾಯಿಪಟ, ಮಕ್ಕಳ ಗಾಳಿಪಟ, ಕಂಬದ ಧ್ವಜಪಟ, ಶಾಲೆಯ ಭೂಪಟ. ಬಟ್ಟೆಯಿಂದ ಹೊರಟು ಹಾಯಿಯಾಗಿ, ಚಿತ್ರವಾಗಿ ಬೆಳೆದ ‘ಕ್ಯಾನ್ವಾಸ್’ ನಡೆದ ಹಾದಿಯನ್ನೇ ಈ ಪದವೂ ತಾನಾಗಿ ನಡೆದಿದೆ. ಭೂನಕ್ಷೆಗೆ ಇಂಗ್ಲಿಷರು ಹೇಳುವ ‘ಮ್ಯಾಪ್’ ಕೂಡ ಲ್ಯಾಟಿನ್ನಿನಲ್ಲಿ ಬಟ್ಟೆಯ ತುಂಡೇ ಆಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಇನ್ನು ವಿಮರ್ಶಕರು ಕಾದಂಬರಿಗಳ ‘ವಿಶಾಲ ಕ್ಯಾನ್ವಾಸ್’ ಎಂದು ಬರೆಯುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅಲ್ಲಿ ‘ಹರಹು’ ಎಂಬ ಸೊಗಸಾದ ಪದ ನಮ್ಮ ಕೈಯಲ್ಲೇ ಇದೆ.

ಮರುನುಡಿ — ಚಿತ್ರಕಲಾ ಶಿಕ್ಷಕ

ಅಧ್ಯಾಪಕರ ಮಾತು ನನಗೆ ಬಹಳ ಹಿಡಿಸಿತು. ಒಂದು ಎಚ್ಚರಿಕೆ ಮಾತ್ರ: ಇಂದು ‘ಪಟ’ ಎಂದೊಡನೆ ಓದುಗರ ಕಣ್ಣಿಗೆ ಬರುವುದು ಗಾಜು ಹಾಕಿಸಿದ ಮುದ್ರಿತ ಚಿತ್ರ. ತಿಶಿಯನ್ನನ ಕೆಲವು ಚಿತ್ರಗಳಲ್ಲಿ ಓರೆನೇಯ್ಗೆಯ ಎಳೆಗಳು ಬಣ್ಣದ ಅಡಿಯಿಂದ ಕಣ್ಣಿಗೆ ಕಾಣುತ್ತವೆ. ಆ ಒರಟುತನವನ್ನು ‘ಪಟ’ ಎಂಬ ಪದ ಹೊರಲಾರದು.

ಮರುನುಡಿ — ಅನುವಾದಕಿ

ಎಲ್ಲರಿಗೂ ಕೃತಜ್ಞತೆಗಳು. ಇಬ್ಬರ ಮಾತನ್ನೂ ಇಟ್ಟುಕೊಂಡು ಹೀಗೆ ಮಾಡಿದ್ದೇನೆ: ಹಡಗಿನ ಪ್ರಸಂಗದಲ್ಲಿ ‘ಹಾಯಿಪಟ’, ಚಿತ್ರಶಾಲೆಯ ಪ್ರಸಂಗದಲ್ಲಿ ‘ಕ್ಯಾನ್ವಾಸ್’, ಬದುಕಿನ ವಿಸ್ತಾರಕ್ಕೆ ‘ಹರಹು’. ಎರಡು ಅರ್ಥಗಳೂ ಒಟ್ಟಿಗೆ ಬೇಕಾದ ಒಂದೇ ವಾಕ್ಯದಲ್ಲಿ ಮಾತ್ರ ‘ಪಟ’ವನ್ನು ಬಿಡಿಯಾಗಿ ನಿಲ್ಲಿಸಿದ್ದೇನೆ: ‘ಸರಕು ತರುವ ಹಡಗಿನ ಮೇಲೂ ಸಭೆ ಸೇರುವ ಗೋಡೆಯ ಮೇಲೂ ವೆನಿಸ್ ಬಿಚ್ಚಿದ್ದು ಒಂದೇ ಪಟವನ್ನು.’ ಗೋಡೆಯ ಮೇಲೆ ಪಟವನ್ನು ‘ಬಿಚ್ಚುವುದು’ ಸರಿಯೇ, ‘ಹರಡುವುದು’ ಎನ್ನಬೇಕೇ ಎಂಬುದೊಂದೇ ಈಗ ಉಳಿದಿರುವ ಅನುಮಾನ.

ಮರುನುಡಿ — ನಿವೃತ್ತ ಕನ್ನಡ ಅಧ್ಯಾಪಕ

‘ಬಿಚ್ಚಿದ್ದು’ ಎಂದೇ ಇರಲಿ. ಹಾಯಿಯನ್ನು ಬಿಚ್ಚುತ್ತಾರೆ, ಸುತ್ತಿ ತಂದ ಚಿತ್ರವನ್ನೂ ಬಿಚ್ಚಿಯೇ ಗೋಡೆಗೆ ಏರಿಸಬೇಕು.