ಆರ್‌ಎಲ್ ಹೋಗ್ತಿರೋ ಲೈನ್‌ನಲ್ಲೇ ಸೆಫ್ಟ್ರಿಯಾಕ್ಸೋನ್ ಕೊಡಬಹುದಾ?

ಪ್ರಶ್ನೆ: ಸರ್, ನಾನು ವಾರ್ಡ್‌ನಲ್ಲಿ ಸ್ಟಾಫ್ ನರ್ಸ್. ಆರ್‌ಎಲ್ (ರಿಂಗರ್ಸ್ ಲ್ಯಾಕ್ಟೇಟ್ ಡ್ರಿಪ್) ಹೋಗ್ತಿರುವ ಪೇಶೆಂಟ್‌ಗೆ ಸೆಫ್ಟ್ರಿಯಾಕ್ಸೋನ್ ಆ್ಯಂಟಿಬಯಾಟಿಕ್ 1 ಗ್ರಾಂ ಐವಿ (ರಕ್ತನಾಳಕ್ಕೆ) ಬರೆದಿದ್ದಾರೆ. ಡ್ರಿಪ್ ನಿಲ್ಲಿಸಿ ಅದೇ ಕ್ಯಾನುಲಾದಲ್ಲಿ ಕೊಟ್ಟರೆ ಸಾಕಾ?

ಉತ್ತರ: ಸಾಲದು ಸಿಸ್ಟರ್. ಆರ್‌ಎಲ್‌ನಲ್ಲಿ ಕ್ಯಾಲ್ಸಿಯಂ ಇದೆ. ಸೆಫ್ಟ್ರಿಯಾಕ್ಸೋನ್ ಅದರ ಜೊತೆ ಸೇರಿದರೆ ಕರಗದ ಉಪ್ಪಾಗಿ ಗಟ್ಟಿಯಾಗುತ್ತದೆ. ಟ್ಯೂಬ್‌ನಲ್ಲಿ ಮಸುಕು ಕಾಣಲಿಲ್ಲ ಅಂತ ಧೈರ್ಯ ಮಾಡಬೇಡಿ, ಕಣ್ಣಿಗೆ ಬೀಳದ ಕಣಗಳೂ ಇರುತ್ತವೆ. ಆರ್‌ಎಲ್ ನಿಲ್ಲಿಸಿ, ನಾರ್ಮಲ್ ಸಲೈನ್‌ನಿಂದ ಲೈನ್ ಚೆನ್ನಾಗಿ ಫ್ಲಶ್ ಮಾಡಿ, ಔಷಧ ಕೊಟ್ಟು, ಮತ್ತೆ ಫ್ಲಶ್ ಮಾಡಿದ ಮೇಲೆಯೇ ಆರ್‌ಎಲ್ ಶುರು ಮಾಡಿ. 1 ಗ್ರಾಂ ವಯಲ್‌ಗೆ 10 ಎಂಎಲ್ ಸ್ಟೆರೈಲ್ ವಾಟರ್ ಹಾಕಿ, ಪೂರ್ತಿ ಕರಗಿದ ಮೇಲೆ 2–4 ನಿಮಿಷ ತೆಗೆದುಕೊಂಡು ನಿಧಾನವಾಗಿ ಕೊಡಿ. ತಿಳಿ ಹಳದಿ ಬಣ್ಣ ಸಹಜ.

ಐಎಂ (ಸ್ನಾಯುವಿಗೆ) ಕೊಡುವಾಗ ನೋವಾಗದಿರಲೆಂದು ಮರಗಟ್ಟಿಸುವ 1% ಲಿಗ್ನೊಕೇನ್ 3.5 ಎಂಎಲ್‌ನಲ್ಲಿ ಕಲಸುತ್ತೇವಲ್ಲ, ಆ ಸಿರಿಂಜ್ ಯಾವ ಕಾರಣಕ್ಕೂ ರಕ್ತನಾಳಕ್ಕೆ ಹೋಗಬಾರದು. ಕಲಸಿದ ತಕ್ಷಣ ಲೇಬಲ್ ಹಚ್ಚಿ.

ಪ್ರಶ್ನೆ: ನವಜಾತ ಶಿಶುಗಳಿಗೂ ಫ್ಲಶ್ ಮಾಡಿ ಕೊಡಬಹುದಾ?

ಉತ್ತರ: ಇಲ್ಲ. 28 ದಿನದೊಳಗಿನ ಮಗುವಿಗೆ ಕ್ಯಾಲ್ಸಿಯಂ ಇರುವ ಐವಿ ದ್ರವ ಹೋಗುತ್ತಿದ್ದರೆ, ಅಥವಾ ಬೇಕಾಗುವಂತಿದ್ದರೆ, ಸೆಫ್ಟ್ರಿಯಾಕ್ಸೋನ್ ಬೇಡವೇ ಬೇಡ. ಬೇರೆ ಲೈನ್‌ನಲ್ಲಿ ಕೊಡುತ್ತೇವೆ ಅನ್ನುವುದೂ ಇಲ್ಲಿ ನಡೆಯುವುದಿಲ್ಲ. ಶ್ವಾಸಕೋಶ, ಕಿಡ್ನಿಗಳಲ್ಲಿ ಈ ಉಪ್ಪು ಕೂತು ಶಿಶುಗಳು ಸತ್ತಿವೆ. ಕಾಮಾಲೆ ಇದ್ದರೂ ಬಿಟ್ಟುಬಿಡಿ: ಈ ಔಷಧ ರಕ್ತದ ಪ್ರೋಟೀನ್ ಆಲ್ಬುಮಿನ್‌ಗೆ ಅಂಟಿದ ಬಿಲಿರುಬಿನ್ (ಕಾಮಾಲೆಯ ಹಳದಿ ಅಂಶ) ಅನ್ನು ಕಿತ್ತು ಬಿಡಿಸುತ್ತದೆ, ಅದು ಮೆದುಳಿಗೆ ಹೋಗಬಹುದು. ಇಂಥಲ್ಲಿ ಸಾಮಾನ್ಯವಾಗಿ ಸೆಫೊಟ್ಯಾಕ್ಸಿಮ್ ಬಳಸುತ್ತಾರೆ. ಡಾಕ್ಟರ್‌ಗೆ ತಿಳಿಸಿ ಬದಲಿಸಿಕೊಳ್ಳಿ.

ಪ್ರಶ್ನೆ: ಅಮಾಕ್ಸಿಸಿಲಿನ್ (ಪೆನಿಸಿಲಿನ್ ಗುಂಪಿನ ಔಷಧ) ಅಲರ್ಜಿ ಇದ್ದವರಿಗೆ ಸೆಫಲೊಸ್ಪೊರಿನ್ (ಸೆಫ್ಟ್ರಿಯಾಕ್ಸೋನ್ ಸೇರಿದ ಗುಂಪು) ಯಾವುದೂ ಕೊಡಬಾರದು ಅಂತಾರೆ, ಹೌದಾ ಸರ್?

ಉತ್ತರ: ಹಾಗೇನಿಲ್ಲ. ಪೆನಿಸಿಲಿನ್ ಅಲರ್ಜಿ ಇದ್ದ ಹತ್ತರಲ್ಲಿ ಒಬ್ಬರಿಗೆ ಸೆಫಲೊಸ್ಪೊರಿನ್‌ಗೂ ಅಲರ್ಜಿ ಆಗುತ್ತದೆ ಅನ್ನುವುದು ಹಳೆಯ ಲೆಕ್ಕ. ಆಗಿನ ಸೆಫಲೊಸ್ಪೊರಿನ್ ತಯಾರಿಕೆಗಳಲ್ಲಿ ಪೆನಿಸಿಲಿನ್ ಅಂಶವೇ ಬೆರೆತಿರುತ್ತಿತ್ತು. ನೋಡಬೇಕಾದ್ದು ಸೈಡ್ ಚೈನ್, ಅಂದರೆ ಔಷಧದ ಅಣುವಿಗೆ ಅಂಟಿಕೊಂಡ ಪಕ್ಕದ ಭಾಗ. ಅಮಾಕ್ಸಿಸಿಲಿನ್‌ಗೂ ಸೆಫಡ್ರಾಕ್ಸಿಲ್‌ಗೂ ಅದು ಒಂದೇ, ಸೆಫಲೆಕ್ಸಿನ್‌ನದೂ ಬಹಳ ಹತ್ತಿರ. ಅಲರ್ಜಿ ಇದ್ದವರಿಗೆ ಇವು ಬೇಡ. ಸೆಫ್ಟ್ರಿಯಾಕ್ಸೋನ್, ಸೆಫಾಜೊಲಿನ್‌ಗಳ ಸೈಡ್ ಚೈನ್ ಬೇರೆಯೇ. ಆದರೆ ಹಿಂದೆ ಚರ್ಮ ಸುಲಿದು ಗುಳ್ಳೆ ಎದ್ದಂಥ ತೀವ್ರ ರಿಯಾಕ್ಷನ್ ಆಗಿದ್ದರೆ ಈ ಲೆಕ್ಕಾಚಾರಕ್ಕೇ ಹೋಗಬೇಡಿ, ಬೇರೆ ಗುಂಪಿನ ಔಷಧ ಕೇಳಿ. ಟೆಸ್ಟ್ ಡೋಸ್‌ನಲ್ಲಿ ಏನೂ ಆಗಲಿಲ್ಲ ಅಂತ ನಿಶ್ಚಿಂತೆಯಿಂದ ಇರಬೇಡಿ. ಅಡ್ರಿನಲಿನ್ ಟ್ರೇಯಲ್ಲೇ ಇರಲಿ: ಅನಾಫಿಲ್ಯಾಕ್ಸಿಸ್ (ಜೀವಕ್ಕೆ ಅಪಾಯ ತರುವ ತೀವ್ರ ಅಲರ್ಜಿ) ಆದರೆ ದೊಡ್ಡವರಿಗೆ 1:1000ರದ್ದು 0.5 ಎಂಎಲ್, ತೊಡೆಯ ಹೊರಬದಿಗೆ ಐಎಂ.