ಅವ್ವನ ಜೊತೆ ಸ್ವಿಸ್ ಹಳ್ಳಿಯಲ್ಲಿ ಐದು ದಿನ: ಗಿಮ್ಮೆಲ್‌ವಾಲ್ಟ್ ಸರಿಯಾ?

ಕೋಥ್ರೂಡ್‌ನವಳು:
ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ಇರುವುದು ಪುಣೆಯಲ್ಲಿ. ಮೇ ತಿಂಗಳಲ್ಲಿ ಮಗಳಿಗೆ ರಜೆ, ಆಗ ನಾನು, ಅವಳು, ಅವ್ವ ಮೂವರೂ ಸ್ವಿಟ್ಜರ್ಲೆಂಡಿಗೆ ಹೋಗೋಣ ಅಂತಿದ್ದೇವೆ. ಅವ್ವನಿಗೆ 64. ದಿನಾ ಬೆಳಿಗ್ಗೆ ಇಲ್ಲಿನ ವೇತಾಳ ಟೇಕಡಿ ಗುಡ್ಡ ಹತ್ತುತ್ತಾಳೆ, ಆದರೆ ಇಳಿಯುವಾಗ ಮೊಣಕಾಲು ನೋವು ಶುರುವಾಗುತ್ತದೆ. ಟೂರಿನವರನ್ನು ಕೇಳಿದರೆ ಏಳು ದಿನಕ್ಕೆ ಆರು ಊರು ತೋರಿಸುತ್ತೇವೆ ಅಂತಾರೆ. ನಮಗೆ ಅದು ಬೇಡ. ಒಂದೇ ಸಣ್ಣ ಊರು, ಬಾಗಿಲು ತೆಗೆದರೆ ಗುಡ್ಡ, ಬೂಟು ಹಾಕಿ ನಡೆಯಬೇಕು, ಅಷ್ಟೇ. ಗಿಮ್ಮೆಲ್‌ವಾಲ್ಟ್‌ನಲ್ಲಿ ಯಾರಾದರೂ ಉಳಿದಿದ್ದೀರಾ? ಅವ್ವನಿಂದ ಆಗುತ್ತದಾ? ಮಳೆ ಬಂದರೆ ಏನು ಮಾಡುವುದು?

ಠಾಣೆ ಟ್ರೆಕ್ಕರ್:
ಅಕ್ಕಾ, ಊರು ಸರಿ, ತಿಂಗಳು ಸರಿಯಿಲ್ಲ. ಮೇನಲ್ಲಿ ಮೇಲಿನ ದಾರಿಗಳಲ್ಲಿ ಇನ್ನೂ ಹಿಮ ಇರುತ್ತದೆ, ಜನ ಕಡಿಮೆ ಅಂತ ಕೆಲವು ರೋಪ್‌ವೇಗಳನ್ನು ಆಗಲೇ ರಿಪೇರಿಗೆ ನಿಲ್ಲಿಸುತ್ತಾರೆ. ನಡೆಯುವುದಕ್ಕೆ ಜೂನ್ ಕೊನೆಯಿಂದ ಸೆಪ್ಟೆಂಬರ್ ಒಳ್ಳೆಯದು.

ನಾವು ಗಂಡ ಹೆಂಡತಿ ಅಲ್ಲಿ ನಾಲ್ಕು ರಾತ್ರಿ ಇದ್ದೆವು. ಕೆಳಗೆ ಕಣಿವೆಯಲ್ಲಿರುವ ಲೌಟರ್‌ಬ್ರುನ್ನೆನ್ ಊರಿನವರೆಗೆ ರೈಲು, ಅಲ್ಲಿಂದ ಸ್ಟೆಕೆಲ್‌ಬರ್ಗ್ ಕಡೆಗೆ ಹಳದಿ ಬಸ್ಸು, ಆಮೇಲೆ ರೋಪ್‌ವೇ. ಹೊರಗಿನ ಕಾರು ಊರಿಗೆ ಬರುವ ಹಾಗೇ ಇಲ್ಲ. ಎತ್ತರ ಸುಮಾರು 1,360 ಮೀಟರ್, ಹೆಚ್ಚುಕಡಿಮೆ ನಮ್ಮ ತೋರಣಾ ಕೋಟೆಯಷ್ಟು. ಆ ಎತ್ತರದಲ್ಲಿ ಜನ ಸಂಸಾರ ಮಾಡುತ್ತಿದ್ದಾರೆ, ಹುಲ್ಲು ಕೊಯ್ದು ಒಣಗಿಸುತ್ತಿದ್ದಾರೆ. ಎದುರಿಗೆ ನಿಂತ ಯುಂಗ್‌ಫ್ರಾವ್ ಶಿಖರ 4,158 ಮೀಟರ್, ಅದರ ತುದಿ ನೋಡಲು ಕುತ್ತಿಗೆ ಎತ್ತಬೇಕು. ಮನೆಗಳೆಲ್ಲ ಬಿಸಿಲಿಗೆ ಕಪ್ಪಾದ ಮರದವು. ಗೋಡೆಗೆ ಒತ್ತಿ ಸೌದೆ ಪೇರಿಸಿರುತ್ತಾರೆ, ಒಂದು ತುಂಡೂ ಹೊರಗೆ ಚಾಚಿರುವುದಿಲ್ಲ. ನಾವಿದ್ದ ಮನೆಯ ಹತ್ತಿರ ಮರದ ದಿಮ್ಮಿ ಕೊರೆದು ಮಾಡಿದ ತೊಟ್ಟಿಗೆ ನಲ್ಲಿಯಿಂದ ಹಗಲೂ ರಾತ್ರಿ ನೀರು ಬೀಳುತ್ತಿತ್ತು, ಬಾಟಲಿ ತುಂಬುವಷ್ಟರಲ್ಲಿ ಬೆರಳು ಮರಗಟ್ಟುತ್ತಿತ್ತು. ಸಂಜೆ ಬಂದವರೆಲ್ಲ ಇಳಿದು ಹೋದ ಮೇಲೆ ಹಸುಗಳ ಗಂಟೆ ಬಿಟ್ಟರೆ ಬೇರೆ ಸದ್ದೇ ಇಲ್ಲ. ಅದಕ್ಕೇ ಹೇಳುತ್ತೇನೆ, ಬೆಳಿಗ್ಗೆ ಹೋಗಿ ಸಂಜೆ ಬಂದರೆ ಆ ಊರು ಸಿಗುವುದಿಲ್ಲ, ಅಲ್ಲೇ ಮಲಗಬೇಕು.

ಅವ್ವನಿಗೆ ಒಂದೇ ನಿಯಮ: ಹತ್ತುವುದು ಕಾಲಲ್ಲಿ, ಇಳಿಯುವುದು ರೋಪ್‌ವೇಯಲ್ಲಿ. ಮೊದಲ ದಿನ ಮೇಲಿನ ಊರು ಮ್ಯೂರೆನ್‌ಗೆ ನಡೆಯಿರಿ, ಸಿಮೆಂಟು ಟಾರಿನ ಸಣ್ಣ ದಾರಿ, ಮುಕ್ಕಾಲು ಗಂಟೆಯ ಏರು. ಇನ್ನೊಂದು ದಿನ ಲೌಟರ್‌ಬ್ರುನ್ನೆನ್‌ನಿಂದ ಗ್ರೂಚಾಲ್ಪ್‌ಗೆ ರೋಪ್‌ವೇಯಲ್ಲಿ ಹೋಗಿ, ಅಲ್ಲಿಂದ ಮ್ಯೂರೆನ್ ಕಡೆ ನಡೆಯಿರಿ. ದಾರಿ ಜಾಸ್ತಿ ಏರಿಳಿತ ಇಲ್ಲದ್ದು, ಐಗರ್, ಮ್ಯೋಂಖ್, ಯುಂಗ್‌ಫ್ರಾವ್ ಮೂರೂ ಶಿಖರ ಕಾಣಿಸುತ್ತಲೇ ಇರುತ್ತವೆ. ಪಕ್ಕದಲ್ಲೇ ಪುಟ್ಟ ರೈಲು ಓಡುತ್ತದೆ, ಸುಸ್ತಾದರೆ ನಡುವೆ ವಿಂಟರೆಗ್ ಸ್ಟೇಷನ್‌ನಲ್ಲಿ ಹತ್ತಿಬಿಡಿ.

ಮಡಗಾಂವ್‌ನಿಂದ:
ಮೇಲಿನವರು ಹೇಳಿದ್ದು ಸರಿ. ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಅಲ್ಲಿ ಪ್ರತಿ ತಿರುವಿನಲ್ಲೂ ಹಳದಿ ಫಲಕ ಇರುತ್ತದೆ, ಅದರ ಮೇಲೆ ದೂರ ಅಲ್ಲ, ಸಮಯ ಬರೆದಿರುತ್ತಾರೆ. ಅದು ಎಲ್ಲೂ ಕೂರದೆ ನಡೆದರೆ ಹಿಡಿಯುವ ಸಮಯ. ಎರಡು ಗಂಟೆ ಅಂತ ಓದಿ ಮಧ್ಯಾಹ್ನ ಹೊರಟೆವು, ಅಮ್ಮ, ಮಗ ಜೊತೆಗಿದ್ದರು, ಮೂರೂವರೆ ಗಂಟೆ ಆಯಿತು. ಕೊನೆಯ ರೋಪ್‌ವೇಗೆ ಓಡಿಕೊಂಡು ಹೋದೆವು. ಬೆಳಿಗ್ಗೆಯೇ ಅದರ ಸಮಯ ಫೋಟೊ ತೆಗೆದಿಟ್ಟುಕೊಳ್ಳಿ.

ಬರೀ ಹಳದಿ ಗುರುತಿನ ದಾರಿ ಅವ್ವನಿಗೆ. ಬಿಳಿ ಕೆಂಪು ಬಿಳಿ ಪಟ್ಟೆ ಇದ್ದರೆ ಕಡಿದಾದ ಬೆಟ್ಟದ ದಾರಿ, ಬಿಳಿ ನೀಲಿ ಬಿಳಿ ಇದ್ದರೆ ಅನುಭವ ಇದ್ದವರಿಗೆ ಮಾತ್ರ.

ಇನ್ನೊಂದು ಮುಖ್ಯ. ದಾರಿ ಹಸುಗಳು ಮೇಯುವ ಹುಲ್ಲುಗಾವಲಿನ ನಡುವೆಯೇ ಹೋಗುತ್ತದೆ. ನಮ್ಮ ಹೆಂಗಸರಿಗೆ ಹಸು ಕಂಡರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಅಭ್ಯಾಸ. ಅಲ್ಲಿ ಬೇಡ. ಜೊತೆಗೆ ಕರು ಇದ್ದರೆ ಹಾಯಲು ಬರುತ್ತವೆ. ದೂರದಿಂದ ಕೈ ಮುಗಿದು ಸುತ್ತಿಕೊಂಡು ಹೋಗಿ, ಬೇಲಿಯ ಕೊಕ್ಕೆ ತೆಗೆದರೆ ಮತ್ತೆ ಹಾಕಿ.

ಮಳೆ ಬಂದರೆ ಟ್ರುಮ್ಮೆಲ್‌ಬಾಖ್‌ಗೆ ಹೋಗಿ. ಬೆಟ್ಟದ ಹೊಟ್ಟೆಯೊಳಗೆ ಹತ್ತು ಜಲಪಾತ, ಹಿಮ ಕರಗಿದ ನೀರು ಸೆಕೆಂಡಿಗೆ 20,000 ಲೀಟರ್‌ವರೆಗೆ ಬೀಳುತ್ತದೆ, ಬಂಡೆಯೇ ನಡುಗುತ್ತದೆ.

ಪಿಂಪ್ರಿಯ ಹುಬ್ಬಳ್ಳಿಯವರು:
ತಂಗಿ, ಅಡುಗೆಮನೆ ಇರುವ ರೂಮು ತಗೋ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ ಒಯ್ಯಬಹುದು. ತುಪ್ಪ, ಪೇಡೆ ಬೇಡ, ನಮ್ಮ ಕಡೆಯಿಂದ ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಅಕ್ಕಿ, ಮೊಸರು, ತರಕಾರಿ ಮ್ಯೂರೆನ್‌ನಲ್ಲಿ ಸಿಗುತ್ತವೆ, ಹತ್ತುವ ದಿನವೇ ಚೀಲ ತುಂಬಿಕೊಂಡು ಬಾ. ವೀಸಾಗೆ 30,000 ಯೂರೊ ವಿಮೆ ಹೇಗೂ ಮಾಡಿಸಲೇಬೇಕು. ಅದರಲ್ಲಿ ಗುಡ್ಡದಿಂದ ಹೆಲಿಕಾಪ್ಟರ್‌ನಲ್ಲಿ ಕರೆತರುವ ಖರ್ಚು ಸೇರಿದೆಯಾ ಅಂತ ಓದಿ ನೋಡು. ಆ ಸಹಾಯಕ್ಕೆ ಅಲ್ಲಿನ ನಂಬರ್ 1414, ಅವ್ವನ ಫೋನಿಗೂ ಹಾಕಿಡು.

ಕೋಥ್ರೂಡ್‌ನವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅವ್ವನಿಗೆ ಎಲ್ಲವನ್ನೂ ಓದಿ ಹೇಳಿದೆ. ಹಸುವಿನ ವಿಷಯ ಎರಡು ಸಲ ಓದಿಸಿದಳು. ಮೇ ಬಿಟ್ಟೆವು. ಮನೆಯ ಐದು ದಿನದ ಗಣಪತಿ ಕಳಿಸಿ ಸೆಪ್ಟೆಂಬರ್‌ನಲ್ಲಿ ಹೊರಡುತ್ತೇವೆ, ಮಗಳ ಶಾಲೆಗೆ ನಾಳೆ ರಜೆ ಅರ್ಜಿ ಕೊಡುತ್ತೇನೆ. ಠಾಣೆಯವರೇ, ಆ ತೊಟ್ಟಿ ಊರಿನ ಯಾವ ಕಡೆ ಇದೆ? ಮಗಳು ಕೇಳುತ್ತಿದ್ದಾಳೆ.